ಗೋಡೆಗೆ ದೊಡ್ಡ ಫೋಟೋ ಹಾಕಿಸ್ಬೇಕಾ, ಮೊದ್ಲು ಟೇಪ್ ತಗೊಂಡು ಗೋಡೆ ಹತ್ರ ಹೋಗಿ

ದಸರಾ ಮುಗಿದು ಒಂದೆರಡು ವಾರ ಕಳೀತು ಅಂದ್ರೆ ಗೊತ್ತಿರೋರಲ್ಲಿ ಯಾರಾದ್ರೂ ಒಬ್ರು ಫೋನ್ ಮಾಡೇ ಮಾಡ್ತಾರೆ, ಅರಮನೆ ಲೈಟಿಂಗ್ ಫೋಟೋ ಸಖತ್ತಾಗಿ ಬಂದಿದೆ, ಹಾಲ್‌ಗೆ ದೊಡ್ಡದಾಗಿ ಒಂದು ಪ್ರಿಂಟ್ ಹಾಕಿಸ್ಬೇಕು, ನನ್ ಫೋನ್ ಫೋಟೋ ಸಾಕಾಗುತ್ತಾ, ಲ್ಯಾಬ್‌ನೋರಿಗೆ ಏನಂತ ಹೇಳ್ಬೇಕು ಅಂತ. ಎಲ್ಲಾನೂ ಒಂದ್ ಕಡೆ ಬರೆದಿಟ್ರೆ ಕೇಳಿದೋರಿಗೆಲ್ಲ ಕಳಿಸ್ಬಹುದು ಅಂತ ಇವತ್ತು ಕೂತಿದೀನಿ. ನಂದೇನು ಸ್ಟುಡಿಯೋ ಇಲ್ಲ, ಫೋಟೋ ತೆಗಿಯೋದು ಎಷ್ಟು ಇಷ್ಟಾನೋ ಅದನ್ನ ಪೇಪರ್ ಮೇಲೆ ನೋಡೋದು ಅಷ್ಟೇ ಇಷ್ಟ. ಗ್ಯಾಲರಿಲಿ ಸಾವಿರಾರು ಫೋಟೋ ಮಧ್ಯೆ ಹೂತುಹೋಗಿರೋ ಒಂದು ಒಳ್ಳೆ ಫೋಟೋ ಗೋಡೆಗೆ ಬಂತು ಅಂದ್ರೆ ಮನೆಗೆ ಬಂದೋರು ಚಪ್ಪಲಿ ಬಿಟ್ಟು ಒಳಗೆ ಬರ್ತಾನೇ ಅದರ ಮುಂದೆ ನಿಂತ್ಕೋತಾರೆ.

ಎಲ್ಲರೂ ಮೊದ್ಲು ಕೇಳೋದು ಮೆಗಾಪಿಕ್ಸೆಲ್ ಬಗ್ಗೆ. ನಾನು ಮೊದ್ಲು ಕೇಳೋದು ಗೋಡೆ ಬಗ್ಗೆ. ಯಾವ ಗೋಡೆ, ಎಷ್ಟು ಅಗಲ ಜಾಗ ಇದೆ, ನೋಡೋರು ಎಷ್ಟು ದೂರದಲ್ಲಿ ಇರ್ತಾರೆ, ಅಲ್ಲಿ ಹಗಲು ಬೆಳಕು ಬೀಳುತ್ತಾ ಇಲ್ಲ ರಾತ್ರಿ ಟ್ಯೂಬ್‌ಲೈಟೇ ಗತಿನಾ. ಈ ನಾಲ್ಕು ಗೊತ್ತಾದ್ರೆ ಉಳಿದಿದ್ದೆಲ್ಲ, ಅಂದ್ರೆ ಸೈಜು, ಪಿಕ್ಸೆಲ್, ಬ್ರೈಟ್‌ನೆಸ್, ಪೇಪರ್, ಎಲ್ಲಾನೂ ಅದರಿಂದಾನೇ ತೀರ್ಮಾನ ಆಗುತ್ತೆ. ಟೇಪ್ ಹಿಡಿದು ಅಳೆದು, ಹಳೇ ನ್ಯೂಸ್‌ಪೇಪರನ್ನ ಅದೇ ಸೈಜಿಗೆ ಅಂಟಿಸಿ ಗೋಡೆಗೆ ಹಚ್ಚಿ ಒಂದಿನ ಬಿಡಿ. 12×18 ಇಂಚು ಅಂದ್ರೆ ಕೇಳೋಕೆ ದೊಡ್ಡದು, ಹತ್ತಡಿ ಗೋಡೆ ಮೇಲೆ ಹಚ್ಚಿ ನೋಡಿದ್ರೆ ಎಲ್ಲೋ ಮೂಲೆಲಿ ಇದ್ದಂಗೆ ಕಾಣುತ್ತೆ, ಸೋಫಾ ಮೇಲಿನ ಜಾಗಕ್ಕೆ ಸಾಮಾನ್ಯವಾಗಿ 20×30 ಇಲ್ಲ 24×36 ಬೇಕಾಗುತ್ತೆ.

ದೂರ ಯಾಕೆ ಅಷ್ಟು ಮುಖ್ಯ ಅಂದ್ರೆ, ಮಂಡ್ಯದಲ್ಲಿ ಯಾವ್ದಾದ್ರೂ ಸರ್ಕಲ್‌ನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ನಿಲ್ಸಿರ್ತಾರಲ್ಲ, ಅದನ್ನ ರಸ್ತೆ ಆಚೆಯಿಂದ ನೋಡಿ, ಮುಖ ಎಲ್ಲ ಸ್ಪಷ್ಟವಾಗಿರುತ್ತೆ. ಹತ್ರ ಹೋಗಿ ಮೂಗು ತಾಕಿಸಿ ನೋಡಿದ್ರೆ ಬರೀ ಚುಕ್ಕಿ. ನಮ್ಮ ಕಣ್ಣಿಗೆ ಒಂದು ಮಿತಿ ಇದೆ. ಚೆನ್ನಾಗಿರೋ ಕಣ್ಣು ಒಂದಡಿ ದೂರದಿಂದ ಒಂದು ಇಂಚಲ್ಲಿ ಸುಮಾರು 290 ಚುಕ್ಕಿವರೆಗೆ ಬೇರೆ ಬೇರೆ ಅಂತ ಗುರುತಿಸುತ್ತೆ, ಮೂರಡಿಗೆ ಹೋದ್ರೆ ಅದು 95ರ ಆಸುಪಾಸಿಗೆ ಇಳಿಯುತ್ತೆ. ಎಲ್ಲಾ ಕಡೆ 300 ಪಿಪಿಐ 300 ಪಿಪಿಐ ಅಂತಾರಲ್ಲ, ಅಂದ್ರೆ ಒಂದು ಇಂಚಿಗೆ 300 ಪಿಕ್ಸೆಲ್ (ಫೋಟೋನ ಕಟ್ಟಿರೋ ಪುಟ್ಟ ಚುಕ್ಕಿ), ಅದು ಆಲ್ಬಮ್ ತರ ಕೈಯಲ್ಲಿ ಹಿಡಿದು ನೋಡೋ ಫೋಟೋಗೆ ಸರಿಯಾದ ಲೆಕ್ಕ. ಸೋಫಾ ಮೇಲೆ ನೇತಾಡೋ 20×30ಗೆ 200 ಇದ್ರೆ ಚೆನ್ನಾಗಿರುತ್ತೆ, 150 ಇದ್ರೂ ಪರವಾಗಿಲ್ಲ. ಕಣ್ಣಿನ ಲೆಕ್ಕದ ಪ್ರಕಾರ ಇನ್ನೂ ಕಮ್ಮಿ ಸಾಕು, ಆದ್ರೆ ಇಷ್ಟ ಆದ ಫೋಟೋ ಅಂದ್ರೆ ಜನ ಹತ್ರ ಹೋಗಿ ನೋಡೇ ನೋಡ್ತಾರೆ, ಅದಕ್ಕೆ 150ಕ್ಕಿಂತ ಕೆಳಗೆ ಇಳೀಬೇಡಿ ಅಂತೀನಿ.

ಲೆಕ್ಕ ಸುಲಭ. ಫೋಟೋದ ಉದ್ದ ಎಷ್ಟು ಪಿಕ್ಸೆಲ್ ಇದೆ ಅಂತ ಡೀಟೇಲ್ಸಲ್ಲಿ ನೋಡಿ, ಪ್ರಿಂಟ್ ಎಷ್ಟು ಇಂಚು ಉದ್ದ ಬೇಕೋ ಅದರಿಂದ ಭಾಗಿಸಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000×4000 ಇರುತ್ತೆ, 30 ಇಂಚಿಗೆ ಭಾಗಿಸಿದ್ರೆ 200, 36 ಇಂಚಿಗೆ ಸುಮಾರು 166. ಫೋನಿನ 12 ಮೆಗಾಪಿಕ್ಸೆಲ್ ಫೋಟೋ 4000×3000, ಅದನ್ನ 24 ಇಂಚಿಗೆ ಹಾಕ್ಸಿದ್ರೂ 166 ಸಿಗುತ್ತೆ. ಅಂದ್ರೆ ಹಗಲು ಬೆಳಕಲ್ಲಿ, ಕೈ ಅಲ್ಲಾಡದಂಗೆ, ಡಿಜಿಟಲ್ ಜೂಮ್ ಮಾಡದೆ ತೆಗೆದ ಫೋನ್ ಫೋಟೋ 18×24ಗೆ ಧಾರಾಳವಾಗಿ ಬರುತ್ತೆ. ನಿಮ್ಮ ಫೋನಲ್ಲಿ 50 ಮೆಗಾಪಿಕ್ಸೆಲ್ ಅಂತ ಬರೆದಿದ್ರೂ ಮಾಮೂಲಿ ಮೋಡಲ್ಲಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12ರ ಲೆಕ್ಕದಲ್ಲೇ ಫೋಟೋ ಕೊಡುತ್ತೆ, ಆದ್ರಿಂದ ಡಬ್ಬದ ಮೇಲಿನ ನಂಬರ್ ಬಿಟ್ಟು ಫೈಲ್ ಡೀಟೇಲ್ಸೇ ನೋಡಿ. ಅಲ್ಲೇ ಕೆಲವು ಸಲ 72 ಡಿಪಿಐ, ಅಂದ್ರೆ ಇಂಚಿಗೆ 72 ಚುಕ್ಕಿ ಅಂತ ಕಾಣುತ್ತೆ, ಅದನ್ನ ನೋಡಿ ಗಾಬರಿ ಬೀಳೋರು ಬಹಳ ಜನ. ಅದು ಫೈಲಿಗೆ ಅಂಟಿಸಿರೋ ಒಂದು ಚೀಟಿ ಅಷ್ಟೇ, ಅದನ್ನ 300 ಅಂತ ಬದಲಾಯಿಸಿದ್ರೆ ಒಂದು ಪಿಕ್ಸೆಲ್ಲೂ ಜಾಸ್ತಿ ಆಗಲ್ಲ, ಕಮ್ಮಿನೂ ಆಗಲ್ಲ.

ಮಂಡ್ಯದಲ್ಲಿರೋ ನಮ್ಮ ಮಾವ ಹೋದ್ ವರ್ಷ ಹೊಸ ಮನೆ ಕಟ್ಟಿಸಿದ್ರು, ಹಾಲ್‌ಗೆ ಕೊಕ್ಕರೆ ಬೆಳ್ಳೂರಲ್ಲಿ ಅವರೇ ತೆಗೆದ ಹೆಜ್ಜಾರ್ಲೆ ಫೋಟೋ 24×36 ಹಾಕಿಸ್ಬೇಕು ಅಂತ ಆಸೆ. ಹುಣಸೆ ಮರದ ತುದಿಲಿ ಗೂಡು, ಮರಿ ಬಾಯಿ ತೆರೆದು ತಾಯಿ ಕೊಕ್ಕಿನ ಚೀಲದೊಳಗೆ ತಲೆ ಹಾಕಿರೋದು, ತುಂಬಾ ಒಳ್ಳೆ ಗಳಿಗೆ. ಆದ್ರೆ ಹಕ್ಕಿ ದೂರ ಇದ್ದಿದ್ರಿಂದ ಕ್ರಾಪ್ ಮಾಡಿ ಮಾಡಿ 2400×1600 ಮಾತ್ರ ಉಳಿದಿತ್ತು. "ಅಲ್ಲ ಕಣವ್ವ, ಫೋನಲ್ಲಿ ಪುಕ್ಕ ಪುಕ್ಕನೂ ಎದ್ ಕಾಣ್ತದೆ, ಗೋಡೆಗ್ ಹಾಕಕ್ಕೇನಾಗದೆ?" ಅಂದ್ರು. ನಾನು ಲ್ಯಾಪ್‌ಟಾಪಲ್ಲಿ ಅದನ್ನ 100 ಪರ್ಸೆಂಟ್‌ಗೆ ಝೂಮ್ ಮಾಡಿ ತೋರಿಸ್ದೆ, "ಮಾವ, 36 ಇಂಚಿಗೆ ಹಾಕಿದ್ರೆ ಇಂಚಿಗೆ 66 ಪಿಕ್ಸೆಲ್ಲೇ ಬರೋದು, ಕತ್ತಿನ ಪುಕ್ಕ ಎಲ್ಲ ಕಲಸಿಹೋಗುತ್ತೆ, ಅದೇ 8×12ಗೆ ಹಾಕಿದ್ರೆ 200 ಬರುತ್ತೆ ನೋಡಿ". ಕೊನೆಗೆ ಅದೇ ದಿನದ ಮೂರು ಹಕ್ಕಿ ಫೋಟೋನ 8×12 ಮಾಡಿ ಸುತ್ತ ಅಗಲವಾಗಿ ಬಿಳಿ ಮೌಂಟ್ ಬೋರ್ಡ್ (ಫ್ರೇಮಿನೊಳಗೆ ಫೋಟೋ ಸುತ್ತ ಬರೋ ರಟ್ಟು) ಬಿಟ್ಟು ಸಾಲಾಗಿ ಹಾಕ್ಸಿದ್ವಿ. ಗೋಡೆ ತುಂಬ್ತು, ಒಂದೊಂದು ಪುಕ್ಕನೂ ಹಂಗೇ ಉಳೀತು.

ಪಿಕ್ಸೆಲ್ ಕಮ್ಮಿ ಇದ್ರೆ ಸಾಫ್ಟ್‌ವೇರಲ್ಲಿ ಹಿಗ್ಗಿಸ್ಬಹುದಲ್ಲ ಅಂತ ಕೇಳ್ತಾರೆ. ಹಿಗ್ಗಿಸ್ಬಹುದು, ಅಡೋಬಿ ಕ್ಯಾಮೆರಾ ರಾ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ 2021ರಲ್ಲಿ ಬಂದ ಸೂಪರ್ ರೆಸಲ್ಯೂಷನ್ ಉದ್ದ ಅಗಲ ಎರಡನ್ನೂ ಡಬಲ್ ಮಾಡುತ್ತೆ, ಒಟ್ಟು ಪಿಕ್ಸೆಲ್ ನಾಲ್ಕು ಪಟ್ಟು. ಕಲ್ಲಿನ ಕೆತ್ತನೆ, ಕಟ್ಟಡ, ಇಂಥದ್ದಕ್ಕೆ ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಮೂಲ ಫೋಟೋನೇ ಅಲ್ಲಾಡಿದ್ರೆ ಇಲ್ಲ ಫೋಕಸ್ ತಪ್ಪಿದ್ರೆ ಕಬ್ಬಿನ ಹಾಲಿಗೆ ನೀರು ಬೆರೆಸಿದಂಗೆ, ಲೋಟ ತುಂಬುತ್ತೆ, ಸಿಹಿ ಜಾಸ್ತಿ ಆಗಲ್ಲ. ಮುಖದ ಫೋಟೋಗಳಲ್ಲಂತೂ ಈ ಎಐ ಹಿಗ್ಗಿಸೋ ಆ್ಯಪ್‌ಗಳು ಇಲ್ಲದ ರೆಪ್ಪೆ, ಇಲ್ಲದ ಹಲ್ಲು ಎಲ್ಲ ಸೇರಿಸ್ಬಿಡ್ತವೆ, ಅಜ್ಜಿ ಫೋಟೋ ಅಜ್ಜಿ ತರಾನೇ ಇರ್ಬೇಕು ಅಂದ್ರೆ ಅದರ ತಂಟೆಗೆ ಹೋಗ್ಬೇಡಿ.

ಇನ್ನು ಫೈಲ್ ವಿಷಯ. ಪ್ರಿಂಟಿಗೆ ಅಂತ ಎಡಿಟ್ ಮಾಡೋದು ಕ್ಯಾಮೆರಾದಿಂದ ನೇರ ಬಂದಿರೋ ಮೂಲ ಫೈಲನ್ನೇ ಆಗಿರ್ಬೇಕು. ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ್ರೆ ಉದ್ದನೇ ಬದಿ ಸುಮಾರು 1600 ಪಿಕ್ಸೆಲ್ಲಿಗೆ ಇಳಿದುಬಿಡುತ್ತೆ, ಅಂದ್ರೆ 10 ಇಂಚಿಗೇ ಮುಗೀತು. ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ ಕಳಿಸಿದ್ರೆ ಇದ್ದಂಗೇ ಹೋಗುತ್ತೆ. ಗೂಗಲ್ ಫೋಟೋಸಲ್ಲಿ ಸ್ಟೋರೇಜ್ ಸೇವರ್ ಹಾಕಿದ್ರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋನ ಅದು 16ಕ್ಕೆ ಇಳಿಸುತ್ತೆ, ಕಂಪ್ರೆಸ್ಸೂ ಮಾಡುತ್ತೆ. ನನಗಂತೂ ಪೆನ್‌ಡ್ರೈವೇ ಸರಿ.

ಅನುಪಾತ, ಅಂದ್ರೆ ಉದ್ದಕ್ಕೆ ಅಗಲ ಎಷ್ಟು ಅನ್ನೋ ಲೆಕ್ಕ ಇನ್ನೊಂದಿದೆ, ಇದು ಗೊತ್ತಿಲ್ಲದೇ ಇದ್ರೆ ಲ್ಯಾಬಲ್ಲಿ ಯಾರದೋ ತಲೆ, ಗೋಪುರದ ಕಳಶ, ಏನಾದ್ರೂ ಒಂದು ಕಟ್ ಆಗುತ್ತೆ. ಡಿಎಸ್‌ಎಲ್‌ಆರ್ ಫೋಟೋ 3:2, ಅದಕ್ಕೆ 8×12, 12×18, 16×24, 20×30, 24×36 ಸರಿಯಾಗಿ ಕೂರುತ್ತೆ. ಫೋನಿಂದು 4:3, ಅದಕ್ಕೆ 12×16, 18×24. ಅದೇ 6000×4000 ಫೋಟೋನ 16×20ಗೆ ಹಾಕ್ಸಿದ್ರೆ ಉದ್ದದಲ್ಲಿ ಆರರಲ್ಲಿ ಒಂದು ಭಾಗ ಹೋಗುತ್ತೆ. ಆದ್ರಿಂದ ಸೈಜ್ ತೀರ್ಮಾನ ಆದ ಕೂಡ್ಲೇ ಅದೇ ಅನುಪಾತಕ್ಕೆ ನೀವೇ ಕ್ರಾಪ್ ಮಾಡಿ, ಎಲ್ಲಿ ಕತ್ತರಿಸ್ಬೇಕು ಅಂತ ತೀರ್ಮಾನಿಸೋದು ತೆಗೆದೋರ ಕೆಲಸ, ಮೆಷಿನ್ ಮುಂದೆ ಕೂತಿರೋ ಹುಡುಗನ ಕೆಲಸ ಅಲ್ಲ. ಅಂಚಿನ ಹತ್ರ ಮುಖ್ಯವಾದ್ದು ಏನೂ ಇಡ್ಬೇಡಿ, ಬಾರ್ಡರ್ ಇಲ್ಲದ ಪ್ರಿಂಟಲ್ಲಿ ಸುತ್ತ ಒಂಚೂರು ಹೋಗೇ ಹೋಗುತ್ತೆ. ಕ್ಯಾನ್ವಾಸ್ ಮಾಡಿಸಿ ಮರದ ಚೌಕಟ್ಟಿನ ಸುತ್ತ ಮಡಿಸೋದಾದ್ರೆ ಪ್ರತಿ ಬದಿಗೂ ಎರಡು ಇಂಚು ಹೆಚ್ಚಿಗೆ ಬೇಕು, ಚಾಮುಂಡಿ ಬೆಟ್ಟದ ನಂದಿ ಕೊಂಬು ಚೌಕಟ್ಟಿನ ಪಕ್ಕಕ್ಕೆ ಮಡಚಿ ಹೋಗೋದು ಬೇಡ ಅಲ್ವಾ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಬ್ರೈಟ್‌ನೆಸ್. ಪ್ರಿಂಟ್ ಕೈಗೆ ಬಂದಾಗ ಹೊಸಬರು ಹೇಳೋ ಮೊದಲನೇ ಮಾತೇ "ಯಾಕೋ ಡಾರ್ಕಾಗಿದೆ" ಅಂತ. ಸ್ಕ್ರೀನು ತಾನೇ ಬೆಳಕು ಬೀರುತ್ತೆ, ಪೇಪರು ತನ್ನ ಮೇಲೆ ಬಿದ್ದ ಬೆಳಕನ್ನ ಮಾತ್ರ ವಾಪಸ್ ಕೊಡುತ್ತೆ. ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಫುಲ್ ಇಟ್ಕೊಂಡು ಕತ್ತಲೆ ರೂಮಲ್ಲಿ ಎಡಿಟ್ ಮಾಡಿದ್ರೆ ಕಣ್ಣಿಗೆ ಫೋಟೋ ಬೆಳ್ಳಗೆ ಕಾಣುತ್ತೆ, ಕೈ ತಾನಾಗೇ ಅದನ್ನ ಕೆಳಗೆ ಎಳೆಯುತ್ತೆ. ಪ್ರಿಂಟಿಗೆ ಕೆಲಸ ಮಾಡೋರು ಮಾನಿಟರನ್ನ 80ರಿಂದ 120 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ) ಮಧ್ಯೆ ಇಟ್ಕೋತಾರೆ, ಅದು ನಾವು ದಿನಾ ನೋಡೋದಕ್ಕಿಂತ ಬಹಳ ಕಮ್ಮಿ. ಅಳೆಯೋ ಕ್ಯಾಲಿಬ್ರೇಟರ್ ಇಲ್ಲದೇ ಇದ್ರೆ ಒಂದು ಕೆಲಸ ಮಾಡಿ, ಹಗಲು ಬೆಳಕು ಬರೋ ರೂಮಲ್ಲಿ, ಬಿಸಿಲು ನೇರ ಬೀಳದ ಕಡೆ ಕೂತು, ಪಕ್ಕದಲ್ಲಿ ಒಂದು ಖಾಲಿ ಬಿಳಿ ಹಾಳೆ ಹಿಡ್ಕೊಳ್ಳಿ, ಸ್ಕ್ರೀನಲ್ಲಿ ಬಿಳಿ ಪೇಜ್ ಓಪನ್ ಮಾಡಿ, ಎರಡೂ ಸುಮಾರಾಗಿ ಒಂದೇ ತರ ಕಾಣೋವರೆಗೂ ಬ್ರೈಟ್‌ನೆಸ್ ಇಳಿಸಿ. ನೈಟ್ ಮೋಡ್, ವಿವಿಡ್ ಮೋಡ್ ಎಲ್ಲ ಆಫ್ ಇರ್ಲಿ. ಹಿಸ್ಟೋಗ್ರಾಮ್, ಅಂದ್ರೆ ಫೋಟೋಲಿ ಕಪ್ಪೆಷ್ಟು ಬಿಳಿಯೆಷ್ಟು ಅಂತ ತೋರಿಸೋ ಗ್ರಾಫ್ ಕಣ್ಮುಂದೆ ಇಟ್ಕೊಳ್ಳಿ, ಕಣ್ಣು ಮೋಸ ಹೋದ್ರೂ ಅದು ಹೋಗಲ್ಲ. 0 ಅಂದ್ರೆ ಪೂರ್ತಿ ಕಪ್ಪು, 255 ಅಂದ್ರೆ ಪೂರ್ತಿ ಬಿಳಿ, ಈ ಲೆಕ್ಕದಲ್ಲಿ ಸುಮಾರು 15ಕ್ಕಿಂತ ಕೆಳಗಿರೋ ನೆರಳಿನ ವಿವರ ಪೇಪರಲ್ಲಿ ಬರೀ ಕಪ್ಪಾಗುತ್ತೆ, ಬಿಳಿ ಕಡೆ 245, 250 ದಾಟಿದ್ದು ಬರೀ ಪೇಪರ್ ಬಿಳಿ.

ಅರಮನೆ ಲೈಟಿಂಗ್ ಫೋಟೋನೇ ತಗೊಳ್ಳಿ, ನಮ್ಮೂರಲ್ಲಿ ಎಲ್ಲರ ಹತ್ರನೂ ಇರೋದು ಅದೇ. ಸುಮಾರು ಒಂದು ಲಕ್ಷ ಬಲ್ಬು, ಭಾನುವಾರ ಸಂಜೆ ಒಂದೇ ಸಲ ಹತ್ತಿಕೊಳ್ಳುತ್ತೆ. ಫೋನಲ್ಲಿ ಬಂಗಾರ ಸುರಿದಂಗೆ ಕಾಣೋ ಆ ಫೋಟೋನ 100 ಪರ್ಸೆಂಟ್‌ಗೆ ಹಿಗ್ಗಿಸಿ ಮಧ್ಯದ ಕಮಾನಿನ ಹತ್ರ ಹೋಗಿ. ಬಲ್ಬುಗಳ ಸಾಲು ಬೇರೆ ಬೇರೆ ಚುಕ್ಕಿ ಆಗಿ ಕಾಣ್ತಿದ್ಯಾ ಇಲ್ಲ ಒಂದಕ್ಕೊಂದು ಅಂಟಿಕೊಂಡು ಹಳದಿ ಪಟ್ಟಿ ಆಗಿದ್ಯಾ? ಅಂಟಿಕೊಂಡಿದ್ರೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಕೊಂಡ ಬೆಳಕು) ಜಾಸ್ತಿ ಆಗಿದೆ, ಕೆಂಪು ಚಾನೆಲ್ (ಕೆಂಪು, ಹಸಿರು, ನೀಲಿ ಅಂತ ಇರೋ ಮೂರು ಪದರದಲ್ಲಿ ಒಂದು) 255ಕ್ಕೆ ಹೋಗಿ ಬಡಿದಿದೆ, ಪ್ರಿಂಟಲ್ಲಿ ಅದು ಬರೀ ಹಳದಿ ಮಚ್ಚೆ. ರಾ ಫೈಲ್ (ಕ್ಯಾಮೆರಾ ಹಿಡಿದಿದ್ದನ್ನ ಜೆಪೆಗ್ ಮಾಡದೆ ಹಂಗೇ ಇಟ್ಟಿರೋ ಫೈಲ್) ಇದ್ರೆ ಹೈಲೈಟ್ಸ್, ಅಂದ್ರೆ ಜೋರು ಬೆಳಕಿನ ಜಾಗ ಇಳಿಸಿ ಸ್ವಲ್ಪ ವಾಪಸ್ ತರಬಹುದು, ಸ್ಯಾಚುರೇಷನ್, ಅಂದ್ರೆ ಬಣ್ಣದ ಗಾಢತೆ ಮಾತ್ರ ಏರಿಸ್ಬೇಡಿ. ಗಾಢ ಕಿತ್ತಳೆ, ಗಾಢ ನೀಲಿ ಸ್ಕ್ರೀನಲ್ಲಿ ಕಂಡಷ್ಟು ಪೇಪರಲ್ಲಿ ಬರಲ್ಲ, ಪ್ರಿಂಟರಿನ ಬಣ್ಣದ ವ್ಯಾಪ್ತಿನೇ ಅಷ್ಟು. ಹಂಗೇ ಮೇಲೆ ಹೋಗಿ ಆಕಾಶ ನೋಡಿ, ಸಂಜೆ ನೀಲಿ ಕಪ್ಪಿಗೆ ತಿರುಗೋ ಜಾಗದಲ್ಲಿ ಪಟ್ಟಿ ಪಟ್ಟಿ ಬಂದಿರುತ್ತೆ, 8 ಬಿಟ್ ಫೈಲಲ್ಲಿ ಒಂದು ಚಾನೆಲ್ಲಿಗೆ 256 ಮೆಟ್ಟಿಲು ಮಾತ್ರ, ಅದನ್ನ ಎಳೆದಾಡಿದ್ರೆ ಮೆಟ್ಟಿಲು ಕಾಣುತ್ತೆ. ಎಡಿಟಿಂಗ್ ಎಲ್ಲ 16 ಬಿಟ್ಟಲ್ಲಿ ಮಾಡಿ, ಕೊನೆಗೆ ಚೂರೇ ಚೂರು ಗ್ರೇನ್ (ಮರಳಿನಂಥ ಸಣ್ಣ ಕಣ) ಸೇರಿಸಿದ್ರೆ ಪಟ್ಟಿ ಮರೆಯಾಗುತ್ತೆ. ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಕು ಅಂತೇನಿಲ್ಲ, ಡಾರ್ಕ್‌ಟೇಬಲ್, ಗಿಂಪ್ ಎರಡೂ ಫ್ರೀ, ಗಿಂಪಲ್ಲಿ 2018ರಲ್ಲಿ ಬಂದ 2.10ರಿಂದಾನೇ 16 ಬಿಟ್ ಎಡಿಟಿಂಗ್ ಇದೆ.

ಇದೇ 100 ಪರ್ಸೆಂಟಲ್ಲಿ ಇಡೀ ಫೋಟೋನ ಎಡಗಡೆಯಿಂದ ಬಲಗಡೆಗೆ ಸಾಲು ಸಾಲಾಗಿ ಒಂದು ರೌಂಡ್ ಹಾಕಿ. ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಸೆನ್ಸರ್ ಮೇಲಿನ ಧೂಳು ಆಕಾಶದಲ್ಲಿ ಬೂದು ಚುಕ್ಕಿ ಆಗಿ ಕೂತಿರುತ್ತೆ, ಫೋನ್ ಸೈಜಲ್ಲಿ ಕಾಣದ್ದು 24×36ರಲ್ಲಿ ಕಾಳಿನಷ್ಟು ದಪ್ಪ ಕಾಣುತ್ತೆ, ಹೀಲ್ ಬ್ರಷಲ್ಲಿ ತೆಗೀರಿ. ನಾಯ್ಸ್, ಅಂದ್ರೆ ಕಮ್ಮಿ ಬೆಳಕಲ್ಲಿ ಬರೋ ಮರಳು ಮರಳು ಚುಕ್ಕಿ, ಅದರ ಬಗ್ಗೆ ಅಷ್ಟು ತಲೆ ಕೆಡಿಸ್ಕೋಬೇಡಿ, ಸ್ಕ್ರೀನಲ್ಲಿ ಕಾಣೋ ನಾಯ್ಸಲ್ಲಿ ಅರ್ಧ ಪೇಪರಲ್ಲಿ ಕಾಣಲ್ಲ, ಅದನ್ನ ಪೂರ್ತಿ ಒರೆಸೋಕೆ ಹೋದ್ರೆ ಕಲ್ಲಿನ ಕೆತ್ತನೆನೂ ಮೇಣ ಹಚ್ಚಿದಂಗೆ ಆಗುತ್ತೆ.

ಶಾರ್ಪನಿಂಗ್, ಅಂದ್ರೆ ಅಂಚುಗಳನ್ನ ಚುರುಕು ಮಾಡೋದು, ಯಾವತ್ತೂ ಕೊನೇ ಕೆಲಸ. ಮೊದ್ಲು ಪ್ರಿಂಟ್ ಸೈಜಿಗೆ ರೀಸೈಜ್, ಆಮೇಲೆ ಶಾರ್ಪನ್. ಹೊಳಪಿಲ್ಲದ ಮ್ಯಾಟ್ ಪೇಪರಲ್ಲಿ ಇಂಕ್ ಸ್ವಲ್ಪ ಹರಡೋದ್ರಿಂದ ಹೊಳೆಯೋ ಗ್ಲಾಸಿ ಪೇಪರಿಗಿಂತ ಒಂದು ಕೈ ಜಾಸ್ತಿ ಬೇಕು. ಸೋಮನಾಥಪುರದ ಕೆತ್ತನೆ ಫೋಟೋ ಎಷ್ಟು ಶಾರ್ಪ್ ಮಾಡಿದ್ರೂ ತಡ್ಕೊಳ್ಳುತ್ತೆ, ಮಗು ಮುಖ ತಡ್ಕೊಳ್ಳಲ್ಲ. ಅಂಚುಗಳ ಸುತ್ತ ಬಿಳಿ ಗೆರೆ ಕಾಣೋಕೆ ಶುರು ಆಯ್ತು ಅಂದ್ರೆ ದಾಟಿದೀರಿ ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಬನ್ನಿ.

ಬಣ್ಣದ ಪ್ರೊಫೈಲ್, ಅಂದ್ರೆ ಫೈಲಿನ ನಂಬರ್‌ಗಳನ್ನ ಯಾವ ಬಣ್ಣ ಅಂತ ಓದ್ಬೇಕು ಅನ್ನೋ ಗುರುತು, ಅದರ ವಿಷಯ ಬೇಗ ಹೇಳಿಬಿಡ್ತೀನಿ. ಲ್ಯಾಬ್‌ಗೆ ಕೊಡೋ ಫೈಲು ಮಾಮೂಲಿ ಪ್ರೊಫೈಲಾದ ಎಸ್‌ಆರ್‌ಜಿಬಿಲಿ ಇರ್ಲಿ, ಅವರೇ ಬೇರೆ ಕೇಳಿದ್ರೆ ಮಾತ್ರ ಬೇರೆ. ಅಡೋಬಿ ಆರ್‌ಜಿಬಿ ಅನ್ನೋ ಪ್ರೊಫೈಲಲ್ಲಿ ಬಣ್ಣದ ವ್ಯಾಪ್ತಿ ದೊಡ್ಡದು ಅಂತ ಅದರಲ್ಲಿ ಕೊಟ್ಟು, ಲ್ಯಾಬಿನ ಮೆಷಿನ್ ಪ್ರೊಫೈಲ್ ಓದದೇ ಇದ್ರೆ ಬಣ್ಣ ಎಲ್ಲ ಸಪ್ಪೆ ಆಗಿ ಬರುತ್ತೆ. ಜೆಪೆಗ್ ಆದ್ರೆ ಅತಿ ಹೆಚ್ಚಿನ ಕ್ವಾಲಿಟಿಲಿ ಒಂದೇ ಸಲ ಸೇವ್ ಮಾಡಿ, ಅದನ್ನೇ ಓಪನ್ ಮಾಡಿ ಮತ್ತೆ ಮತ್ತೆ ಸೇವ್ ಮಾಡ್ತಾ ಹೋದ್ರೆ ಪ್ರತಿ ಸಲ ಒಂಚೂರು ಕಳ್ಕೋತೀರಿ, ಕೆಲಸದ ಕಾಪಿ ಟಿಫ್‌ನಲ್ಲೋ ಸಾಫ್ಟ್‌ವೇರಿನ ಸ್ವಂತ ಫಾರ್ಮ್ಯಾಟಲ್ಲೋ ಇರ್ಲಿ. ಲ್ಯಾಬ್‌ನೋರು ಅವರ ಪೇಪರಿನ ಐಸಿಸಿ ಪ್ರೊಫೈಲ್ (ಆ ಪೇಪರಲ್ಲಿ ಬಣ್ಣ ಹೆಂಗೆ ಬರುತ್ತೆ ಅಂತ ಹೇಳೋ ಫೈಲ್) ಕೊಟ್ರೆ ಸಾಫ್ಟ್ ಪ್ರೂಫ್ ಆನ್ ಮಾಡಿ ಪ್ರಿಂಟ್ ಹೆಂಗೆ ಕಾಣುತ್ತೆ ಅಂತ ಸ್ಕ್ರೀನಲ್ಲೇ ನೋಡಿ, ಲೈಟ್‌ರೂಮ್, ಗಿಂಪ್, ಡಾರ್ಕ್‌ಟೇಬಲ್ ಮೂರರಲ್ಲೂ ಇದೆ.

ದೊಡ್ಡ ಪ್ರಿಂಟಿಗೆ ಆರ್ಡರ್ ಕೊಡೋಕೆ ಮುಂಚೆ ಒಂದು ಟೆಸ್ಟ್ ಪ್ರಿಂಟ್ ಮಾಡಿಸ್ಲೇಬೇಕು, ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ. ಇಡೀ ಫೋಟೋನ ಚಿಕ್ಕದಾಗಿ ಪ್ರಿಂಟ್ ಹಾಕಿದ್ರೆ ಬಣ್ಣ, ಬ್ರೈಟ್‌ನೆಸ್ ಗೊತ್ತಾಗುತ್ತೆ, ಶಾರ್ಪ್‌ನೆಸ್ ಗೊತ್ತಾಗಲ್ಲ, ಚಿಕ್ಕದಾದ್ರೆ ಎಲ್ಲಾ ಫೋಟೋನೂ ಶಾರ್ಪೇ. ಅದಕ್ಕೆ ದೊಡ್ಡ ಫೈಲಿಂದ ಒಂದು ತುಂಡು ಕತ್ತರಿಸಿ. 6000 ಪಿಕ್ಸೆಲ್ 36 ಇಂಚಿಗೆ ಹೋಗೋದಾದ್ರೆ 2000×1333 ಪಿಕ್ಸೆಲ್ಲಿನ ತುಂಡನ್ನ 8×12 ಪೇಪರಿಗೆ ಹಾಕ್ಸಿ, ದೊಡ್ಡ ಪ್ರಿಂಟಲ್ಲಿ ಆ ಜಾಗ ಹೆಂಗೆ ಬರುತ್ತೋ ಹಂಗೇ ನಿಮ್ಮ ಕೈಲಿರುತ್ತೆ. ಮುಖ್ಯವಾದ ಜಾಗ, ನೆರಳು ಜಾಸ್ತಿ ಇರೋ ಜಾಗ ಎರಡೂ ಇರೋ ತುಂಡು ಆರಿಸಿ. ಇನ್ನೊಂದು 8×12ರಲ್ಲಿ ಇಡೀ ಫೋಟೋನ ಮೂರು ಬ್ರೈಟ್‌ನೆಸ್ಸಲ್ಲಿ ಪಕ್ಕ ಪಕ್ಕ ಹಾಕ್ಸಿ, ಇದ್ದಂಗೆ ಒಂದು, ಸ್ವಲ್ಪ ಏರಿಸಿ ಒಂದು, ಇನ್ನೂ ಸ್ವಲ್ಪ ಏರಿಸಿ ಒಂದು. "ಕರೆಕ್ಷನ್ ಏನೂ ಮಾಡ್ಬೇಡಿ, ಫೈಲ್ ಇದ್ದಂಗೇ ಹಾಕಿ" ಅಂತ ಬಾಯಿಬಿಟ್ಟು ಹೇಳಿ, ಇಲ್ಲಾಂದ್ರೆ ಮೆಷಿನ್ನಿನ ಆಟೋ ಕರೆಕ್ಷನ್ ಮೂರನ್ನೂ ಒಂದೇ ತರ ಮಾಡಿಬಿಡಬಹುದು. ಪೇಪರೂ ಕೊನೆಗೆ ಹಾಕ್ಸೋ ಪೇಪರೇ ಆಗಿರ್ಬೇಕು. ಆಮೇಲೆ ಆ ಎರಡು ಹಾಳೆನ ಮನೆಗೆ ತಂದು ಅದೇ ಗೋಡೆಗೆ ಅಂಟಿಸಿ ಬೆಳಿಗ್ಗೆ ನೋಡಿ, ರಾತ್ರಿ ಲೈಟ್ ಹಾಕಿ ನೋಡಿ. ಲ್ಯಾಬಿನ ಕೌಂಟರಲ್ಲಿ ಜೋರು ಲೈಟ್ ಕೆಳಗೆ ಪಸಂದಾಗಿ ಕಂಡಿದ್ದು ನಮ್ಮನೆ ಹಳದಿ ಎಲ್‌ಇಡಿ ಕೆಳಗೆ ಬೇರೆಯೇ ಕಾಣುತ್ತೆ, ಯಾವ ಬ್ರೈಟ್‌ನೆಸ್ ಬೇಕು ಅಂತ ಹೇಳೋದು ನಿಮ್ಮ ಗೋಡೆನೇ.

ಪೇಪರ್ ವಿಷಯದಲ್ಲಿ ನನ್ನ ಆಯ್ಕೆ ಅರೆ ಹೊಳಪಿನ ಲಸ್ಟರ್ ಇಲ್ಲ ಮ್ಯಾಟ್. ಗ್ಲಾಸಿ ಕೈಯಲ್ಲಿ ಹಿಡಿದಾಗ ಚೆಂದ, ಕಪ್ಪು ಗಾಢವಾಗಿ ಬರುತ್ತೆ ನಿಜ, ಆದ್ರೆ ಕಿಟಕಿ ಎದುರಿನ ಗೋಡೆಗೆ ಹಾಕಿದ್ರೆ ಫೋಟೋ ಬದ್ಲು ಕಿಟಕಿನೇ ಕಾಣುತ್ತೆ. ಮ್ಯಾಟಲ್ಲಿ ಕಪ್ಪು ಸ್ವಲ್ಪ ಬೂದಾಗುತ್ತೆ, ಆದ್ರಿಂದ ಅರಮನೆ ರಾತ್ರಿ ಫೋಟೋ ತರದ್ದಕ್ಕೆ ಲಸ್ಟರ್, ಮೇಲುಕೋಟೆ ಕಲ್ಯಾಣಿಲಿ ಬೆಳಗಿನ ಮಂಜು ಅಂಥ ಮೆದು ಫೋಟೋಗೆ ಮ್ಯಾಟ್. ಎಂಡಿಎಫ್ ಬೋರ್ಡ್ ಮೇಲೆ ಲ್ಯಾಮಿನೇಷನ್ ಮಾಡಿಸೋದು ಸುಲಭ, ಒರೆಸಿಕೊಳ್ಳಬಹುದು, ಗ್ಲಾಸಿನ ತೂಕ ಇಲ್ಲ, ಮಕ್ಕಳಿರೋ ಮನೆಗೆ ಸರಿ. ಬಹಳ ವರ್ಷ ಇಡ್ಬೇಕು ಅನ್ನೋ ಫೋಟೋಗೆ ಬೇಗ ಮಾಸದ ಪಿಗ್ಮೆಂಟ್ ಇಂಕಲ್ಲಿ ಆಸಿಡ್ ಇಲ್ಲದ ಪೇಪರ್ ಮೇಲೆ ಪ್ರಿಂಟ್ ಮಾಡಿಸಿ, ಮೌಂಟ್ ಬೋರ್ಡ್ ಹಾಕಿ ಗ್ಲಾಸ್ ಫ್ರೇಮ್ ಮಾಡಿಸಿ, ಮೌಂಟ್ ಇದ್ರೆ ಫೋಟೋ ಗ್ಲಾಸಿಗೆ ಅಂಟಿಕೊಳ್ಳಲ್ಲ. ಮಳೆಗಾಲದಲ್ಲಿ ಒದ್ದೆ ಹಿಡಿಯೋ ಗೋಡೆ, ಬಾತ್‌ರೂಮ್ ಹಿಂಬದಿ ಗೋಡೆ, ಸಂಜೆ ಪಡುವಣ ಬಿಸಿಲು ನೇರ ಬಡಿಯೋ ಗೋಡೆ, ಈ ಮೂರಕ್ಕೆ ಮಾತ್ರ ಹಾಕ್ಬೇಡಿ. ಎತ್ತರ, ಫೋಟೋ ಮಧ್ಯಭಾಗ ನಿಂತೋರ ಕಣ್ಣಿನ ಮಟ್ಟಕ್ಕೆ ಬರ್ಬೇಕು, ಸುಮಾರು ಐದಡಿ. ನಮ್ಮ ಕಡೆ ದೇವರ ಫೋಟೋ ಹಾಕೋ ಅಭ್ಯಾಸದಲ್ಲಿ ಎಲ್ಲಾನೂ ಬಾಗಿಲಿಗಿಂತ ಮೇಲೆ ಮೊಳೆ ಹೊಡೀತಾರೆ, ಮೊಳೆ ಹೊಡಿಯೋರು ಬಂದಾಗ ನೀವೇ ನಿಂತು ಪೆನ್ಸಿಲ್ಲಲ್ಲಿ ಗುರುತು ಮಾಡಿಕೊಡಿ.